ಸ್ಕ್ರೂಡ್ರೈವರ್ ಹಿಡಿದವರ ಯುದ್ಧ

ಉಪ್ಪಳದಲ್ಲಿ ನಮ್ಮ ನೆರೆಮನೆಯ ಇಚ್ಚನಿಗೆ ಈಗ ಎಪ್ಪತ್ತು ದಾಟಿದೆ. 1990ರಲ್ಲಿ ಅವರು ಕುವೈತಿನ ರುಮೈಥಿಯಾದಲ್ಲಿ ಒಂದು ಮನೆಯ ಡ್ರೈವರ್ ಆಗಿದ್ದರು. ಆ ವರ್ಷ ಇರಾಕ್ ಕುವೈತಿನ ಮೇಲೆ ಮಾಡಿದ ಯುದ್ಧದ ಬಗ್ಗೆ ಕೇಳಿದರೆ ಅವರು ಟ್ಯಾಂಕಿನಿಂದ ಶುರು ಮಾಡುವುದಿಲ್ಲ. ‘ಒಂದು ರಾತ್ರಿ ಇಡೀ ಬೀದಿಯ ಮನೆ ನಂಬ್ರ ಬಿಚ್ಚಿದೆವು’ ಎನ್ನುತ್ತಾರೆ. ಒಂದು ಸ್ಕ್ರೂಡ್ರೈವರ್, ಒಂದು ಗೋಣಿಚೀಲ, ಮಾಲೀಕರ ಇಬ್ಬರು ಹುಡುಗರು ಮತ್ತು ಇವರು. ಬೆಳಗಾಗುವಾಗ ಆ ಬೀದಿಯಲ್ಲಿ ಯಾವ ಮನೆಗೂ ನಂಬ್ರ ಇರಲಿಲ್ಲ.

ಸಣ್ಣವನಿದ್ದಾಗ ನನಗೆ ಇದು ಮಕ್ಕಳಾಟದ ಹಾಗೆ ಕೇಳಿಸುತ್ತಿತ್ತು. ದೊಡ್ಡವನಾದ ಮೇಲೆ ಓದುತ್ತಾ ಹೋದೆ. ಆಗ ಗೊತ್ತಾಯಿತು, ಅದು ಒಂದು ಬೀದಿಯ ಕಥೆ ಅಲ್ಲ. ಆಕ್ರಮಣಕ್ಕೆ ಒಳಗಾದ ಕುವೈತಿನ ಬಡಾವಣೆ ಬಡಾವಣೆಯಲ್ಲೂ ಜನ ಹಾಗೇ ಮಾಡಿದ್ದರು.

ಅದು ಯಾಕೆ ಕೆಲಸ ಮಾಡಿತು ಅಂತ ತಿಳಿಯಬೇಕಾದರೆ ಅಲ್ಲಿನ ವಿಳಾಸ ಹೇಗಿರುತ್ತದೆ ಅಂತ ತಿಳಿಯಬೇಕು. ನಮ್ಮಲ್ಲಿ ‘ದೇವಸ್ಥಾನದ ಹಿಂದಿನ ಗುಡ್ಡೆ, ಎರಡು ತೆಂಗು ಕಂಡರೆ ಎಡಕ್ಕೆ’ ಅಂದರೆ ಸಾಕು, ಮನೆ ಸಿಗುತ್ತದೆ. ಕುವೈತಿನಲ್ಲಿ ವಿಳಾಸ ಅಂದರೆ ಬಡಾವಣೆಯ ಹೆಸರು, ಬ್ಲಾಕ್ ನಂಬ್ರ, ಬೀದಿ ನಂಬ್ರ, ಮನೆ ನಂಬ್ರ. ಎಷ್ಟೋ ಬೀದಿಗಳಿಗೆ ಹೆಸರೇ ಇಲ್ಲ, ಬರೀ ಸಂಖ್ಯೆ. ಮನೆಗಳೂ ಹೆಚ್ಚುಕಡಿಮೆ ಒಂದೇ ತರಹ. ಎತ್ತರದ ಗೋಡೆ, ಮರಳಿನ ಬಣ್ಣ. ಆ ತಗಡಿನ ತುಂಡು ತೆಗೆದರೆ ಹೊರಗಿನವನಿಗೆ ಎಲ್ಲ ಗೇಟೂ ಒಂದೇ.

ಇರಾಕಿ ಸೈನ್ಯ 1990 ಆಗಸ್ಟ್ 2ರ ಗುರುವಾರ ಬೆಳಗಿನ ಜಾವ ಗಡಿ ದಾಟಿತು. ಕುವೈತ್ ಇನ್ನು ಇರಾಕಿನ 19ನೇ ಪ್ರಾಂತ್ಯ ಅಂತ ಅದೇ ತಿಂಗಳು ಸದ್ದಾಂ ಹುಸೇನ್ ಸರಕಾರ ಸಾರಿತು. ಅವರ ಗುಪ್ತಚರರ ಕೈಯಲ್ಲಿ ಪಟ್ಟಿಗಳಿದ್ದವು. ಸೈನ್ಯದ ಅಧಿಕಾರಿಗಳು, ಪೊಲೀಸರು, ರಾಜಮನೆತನದ ನೆಂಟರು. ಪಟ್ಟಿಯಲ್ಲಿ ಹೆಸರೂ ಇತ್ತು, ವಿಳಾಸವೂ ಇತ್ತು. ಆದರೆ ಬೀದಿಗೆ ಬಂದು ನೋಡಿದರೆ ವಿಳಾಸವೇ ಕಾಣೆ. ಪ್ರತಿ ಬಾಗಿಲು ತಟ್ಟಿ ಕೇಳಬೇಕು. ಪಕ್ಕದ ಮನೆಯವರು ‘ಗೊತ್ತಿಲ್ಲ’ ಎನ್ನುತ್ತಾರೆ. ಅಷ್ಟರಲ್ಲಿ ಬೇಕಾದವನು ಹಿಂದಿನ ಗೋಡೆ ಹಾರಿ ಮೂರನೇ ಮನೆ ಸೇರಿರುತ್ತಾನೆ. ಅರ್ಧ ಗಂಟೆ ಸಿಕ್ಕಿದರೂ ಒಂದು ಜೀವ ಉಳಿಯುತ್ತಿತ್ತು.

ಕಾಸರಗೋಡಿನವರಾದ ನಮಗೆ ಬೋರ್ಡಿನ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಸ್ಸಿನಲ್ಲಿ, ಕಚೇರಿಯಲ್ಲಿ, ರಸ್ತೆಯಲ್ಲಿ ಕನ್ನಡದ ಬೋರ್ಡು ಇರಲಿ ಅಂತ ಎಷ್ಟು ವರ್ಷದಿಂದ ಕೇಳುತ್ತಾ ಬಂದಿದ್ದೇವೆ. ನಮ್ಮ ಊರುಗಳ ಹೆಸರು ಮಲಯಾಳವಾಗುವುದು ಬೇಡ, ಮಧೂರು ಮಧೂರೇ ಆಗಿರಲಿ, ಮಲ್ಲ ಮಲ್ಲವೇ ಆಗಿರಲಿ ಅಂತ ಹೇಳುವವರು ನಾವು. ಹಾಗಿರುವಾಗ ತಮ್ಮ ಊರಿನ ಹೆಸರನ್ನು ತಮ್ಮ ಕೈಯಿಂದಲೇ ಬಿಚ್ಚಿಡುವುದು ಎಂಥ ಸಂಕಟ ಅಂತ ನನಗೆ ಅರ್ಥವಾಗುತ್ತದೆ. ಅವರು ಹೆಸರನ್ನು ಬಿಟ್ಟುಕೊಡಲಿಲ್ಲ. ಅಡಗಿಸಿಟ್ಟರು.

ಈ ಉಪಾಯ ಕುವೈತಿನಲ್ಲಿ ಹುಟ್ಟಿದ್ದಲ್ಲ. 1940ರ ಬೇಸಿಗೆಯಲ್ಲಿ ಬ್ರಿಟನ್ನಿನಲ್ಲಿ ಇದನ್ನು ಸರಕಾರವೇ ಮಾಡಿಸಿತು. ಜರ್ಮನ್ ಸೈನಿಕರು ಪ್ಯಾರಾಚೂಟಿನಲ್ಲಿ ಇಳಿಯುತ್ತಾರೆ ಎಂಬ ಭಯ. ದಾರಿಯ ಕೈಕಂಬಗಳನ್ನು ಕಿತ್ತರು, ಮೈಲಿಗಲ್ಲು ತೆಗೆದರು, ರೈಲ್ವೆ ಸ್ಟೇಷನ್ನಿನ ಹೆಸರುಗಳನ್ನು ಇಳಿಸಿದರು. ಜರ್ಮನರು ಇಳಿಯಲಿಲ್ಲ. ದಾರಿ ತಪ್ಪಿದ್ದು ಅಲ್ಲಿಯ ಜನರಿಗೇ.

ಜನರೇ ಸ್ವತಃ ಎದ್ದು ಮಾಡಿದ್ದು 1968ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಆಗಸ್ಟ್ 20ರ ರಾತ್ರಿ ಸೋವಿಯತ್ ಮತ್ತು ಮಿತ್ರದೇಶಗಳ ಟ್ಯಾಂಕುಗಳು ನುಗ್ಗಿದವು. ಅಡಗಿ ಪ್ರಸಾರ ಮಾಡುತ್ತಿದ್ದ ರೇಡಿಯೋದವರು ಬೀದಿಯ ಹೆಸರು ತೆಗೆಯಿರಿ ಅಂತ ಜನರನ್ನು ಕೇಳಿಕೊಂಡರು. ಪ್ರಾಗ್ ನಗರದಲ್ಲಿ ಬೀದಿ ಬೀದಿಯ ಬೋರ್ಡುಗಳು ಹೋದವು, ಮನೆ ನಂಬ್ರಗಳೂ ಹೋದವು. ಕೆಲವು ಕಡೆ ಹಳೆಯ ಹೆಸರಿನ ಮೇಲೆ ತಮ್ಮ ನಾಯಕ ಡುಬ್ಚೆಕ್ ಅವರ ಹೆಸರು ಬರೆದರು. ಮಾಸ್ಕೋ ಕಡೆಗೆ ಬಾಣ ತೋರಿಸುವ ಬೋರ್ಡುಗಳೂ ಎದ್ದವು. ಆ ಜನರ ಹತ್ತಿರ ಬಂದೂಕು ಇರಲಿಲ್ಲ. ಇದ್ದದ್ದು ಬಣ್ಣದ ಡಬ್ಬಿ, ಏಣಿ.

ಕುವೈತಿಗೇ ಮತ್ತೆ ಬರುತ್ತೇನೆ, ಯಾಕೆಂದರೆ ಅಲ್ಲಿ ನಡೆದದ್ದು ಬೋರ್ಡಿಗೆ ನಿಲ್ಲಲಿಲ್ಲ. ರಾತ್ರಿ ಜನ ಮನೆಯ ಟೆರೇಸಿಗೆ ಹತ್ತಿ ಒಟ್ಟಿಗೆ ‘ಅಲ್ಲಾಹು ಅಕ್ಬರ್’ ಕೂಗುತ್ತಿದ್ದರು. ಕತ್ತಲಲ್ಲಿ ಯಾವ ಮನೆಯ ದನಿ ಅಂತ ಸೈನಿಕರಿಗೆ ಗೊತ್ತಾಗುತ್ತಿರಲಿಲ್ಲ. ಗಲ್ಫಿಗೆ ಹೋದವರೆಲ್ಲ ‘ಜಮಿಯ’ ಅನ್ನುವ ಬಡಾವಣೆಯ ಸಹಕಾರಿ ಅಂಗಡಿಗಳನ್ನು ಅಲ್ಲಿನವರೇ ಸ್ವಯಂಸೇವಕರಾಗಿ ನಡೆಸಿದರು. ಅಕ್ಕಿ, ಹಾಲಿನ ಪುಡಿ ಹಂಚಿದರು. ಬೇಕರಿಯಲ್ಲಿ ರೊಟ್ಟಿ ಸುಟ್ಟರು, ಕಸವನ್ನೂ ತಾವೇ ಎತ್ತಿದರು. ಅಲ್ಲಿಯವರೆಗೆ ಈ ಕೆಲಸವೆಲ್ಲ ಹೆಚ್ಚಾಗಿ ಹೊರದೇಶದಿಂದ ಬಂದವರದು, ನಮ್ಮಂಥವರದು. ‘ಮೊಯ್ಲಾಳಿಯ (ಧಣಿಯ) ಮಗ ಕಸದ ಗಾಡಿ ದೂಡಿದ್ದನ್ನು ನಾನು ನೋಡಿದೆ’ ಅಂತ ಇಚ್ಚ ಹೇಳುವಾಗ ಅವರ ದನಿಯಲ್ಲಿ ಈಗಲೂ ಗೌರವ ಇರುತ್ತದೆ.

ಬಂದೂಕು ಹಿಡಿದವರೂ ಇದ್ದರು. ಇರಾಕಿ ಸೈನಿಕರ ಮೇಲೆ ದಾಳಿ ನಡೆದವು, ಕಾರಿನಲ್ಲಿ ಬಾಂಬ್ ಇಟ್ಟರು. ಅದಕ್ಕೆ ಉತ್ತರ ಭಯಂಕರವಾಗಿತ್ತು. ಹಿಡಿದ ಹುಡುಗರನ್ನು ಅವರವರ ಮನೆಯ ಬಾಗಿಲಿಗೇ ತಂದು, ಹೆತ್ತವರ ಎದುರು ಗುಂಡು ಹಾರಿಸಿದರು. ಬೋರ್ಡು ಬಿಚ್ಚಿದವರನ್ನು ನಾನು ಜಾಸ್ತಿ ನೆನೆಯುವುದು ಇದೇ ಕಾರಣಕ್ಕೆ. ಅದು ಯಾರ ಮಗನನ್ನೂ ಕೊಲ್ಲುವ ಕೆಲಸ ಆಗಿರಲಿಲ್ಲ.

ಇಲ್ಲಿ ಊರಿನಲ್ಲಿ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ. ಫೋನ್ ಲೈನ್ ಕಡಿದುಹೋಗಿತ್ತು, ಕಾಗದ ನಿಂತಿತ್ತು. ಸಂಜೆ ರೇಡಿಯೋ ಇರುವ ಮನೆಯ ಜಗಲಿಯಲ್ಲಿ ಹೆಂಗಸರು ಬಂದು ಕೂರುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಆಗ ಕುವೈತಿನಲ್ಲಿ ಸುಮಾರು 1.7 ಲಕ್ಷ ಭಾರತೀಯರಿದ್ದರು. ವಿದೇಶಾಂಗ ಸಚಿವ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿ ಸದ್ದಾಂ ಅವರನ್ನು ಕಂಡರು. ಆಮೇಲೆ ದಾರಿ ತೆರೆಯಿತು. ಕುವೈತಿನಿಂದ ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್, ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್. ಗಡಿಯಲ್ಲಿ ಡೇರೆಗಳಲ್ಲಿ ದಿನಗಟ್ಟಲೆ ಕಾಯುವುದು. ಅಮ್ಮಾನಿನಿಂದ ಏರ್ ಇಂಡಿಯಾ ಎರಡು ತಿಂಗಳ ಕಾಲ ವಿಮಾನ ಹಾರಿಸಿ 1 ಲಕ್ಷಕ್ಕೂ ಹೆಚ್ಚು ಜನರನ್ನು ಕರೆತಂದಿತು. ಬೊಂಬಾಯಿಯಲ್ಲಿ ಇಳಿದರೆ ಆಗ ಕೊಂಕಣ ರೈಲು ಇರಲಿಲ್ಲ. ಮಂಗಳೂರಿಗೆ ಬಸ್ಸೇ ಗತಿ. ಇಚ್ಚ ಮನೆಗೆ ಬಂದಾಗ ಅವರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಉಳಿಸಿದ ದಿನಾರೆಲ್ಲ ಬರೀ ಕಾಗದ, ಯಾಕೆಂದರೆ ಇರಾಕ್ ಆ ನೋಟನ್ನೇ ರದ್ದು ಮಾಡಿತ್ತು.

ಪರಿಹಾರದ ಕಥೆ ಉದ್ದವಿದೆ, ಚಿಕ್ಕದಾಗಿ ಹೇಳುತ್ತೇನೆ. 1991ರಲ್ಲಿ ವಿಶ್ವಸಂಸ್ಥೆ ಜಿನೀವಾದಲ್ಲಿ ಒಂದು ಪರಿಹಾರ ಆಯೋಗ ಮಾಡಿತು. ಇರಾಕಿನ ಎಣ್ಣೆ ಮಾರಾಟದ ಹಣದಲ್ಲಿ ಪಾಲು ತೆಗೆದು ಕೊಡುವುದು. ಬಿಟ್ಟು ಬಂದದ್ದಕ್ಕೇ ಒಬ್ಬೊಬ್ಬರಿಗೆ 2,500ರಿಂದ 4,000 ಡಾಲರ್ ಗೊತ್ತು ಮಾಡಿದರು. ಅರ್ಜಿ ತುಂಬಿಸಲು ಜನ ಸಾಲು ನಿಂತದ್ದು ನನಗೆ ನೆನಪಿದೆ. ನಮ್ಮ ಕಡೆ ಎಷ್ಟೋ ಮನೆಗಳ ತಾರಸಿ ಎದ್ದದ್ದು ಆ ದುಡ್ಡಿನಲ್ಲಿ. ಇರಾಕ್ ಕೊನೆಯ ಕಂತು ಕಟ್ಟಿ ಮುಗಿಸುವಾಗ 2022 ಆಗಿತ್ತು.

ಅಷ್ಟರೊಳಗೆ ಇರಾಕೇ ಆಕ್ರಮಣಕ್ಕೆ ಒಳಗಾಗಿತ್ತು. 2003ರ ಮೇ ತಿಂಗಳಲ್ಲಿ ಅಮೆರಿಕದ ಆಡಳಿತ ಇರಾಕಿ ಸೈನ್ಯವನ್ನೇ ವಿಸರ್ಜಿಸಿತು. ಲಕ್ಷಗಟ್ಟಲೆ ಸೈನಿಕರು ಸುಮ್ನೆ ಮನೆಗೆ ಹೋದರು. ಮದ್ದುಗುಂಡಿನ ಗೋದಾಮುಗಳಿಗೆ ಕಾವಲೇ ಇರಲಿಲ್ಲ. ಅಲ್ಲಿಂದ ಹೊರಟ ಹಳೆಯ ಶೆಲ್ಲುಗಳು ರಸ್ತೆಬದಿಯ ಬಾಂಬುಗಳಾದವು. ಸಿಡಿಸಲು ಬಳಸಿದ್ದು ಮನೆಯಲ್ಲಿರುವ ಫೋನಿನಂಥ ಸಾಮಾನು. ಇಲ್ಲೂ ಕೈಗೆ ಸಿಕ್ಕಿದ್ದೇ ಆಯುಧ. ಆದರೆ ಬೋರ್ಡು ಬಿಚ್ಚಿದ ಬೀದಿಯಲ್ಲಿ ಮಕ್ಕಳು ಆಡಬಹುದಿತ್ತು. ಇಲ್ಲಿ ರಸ್ತೆಯ ಕಸದ ರಾಶಿ, ಸತ್ತ ನಾಯಿ, ಕೆಟ್ಟು ನಿಂತ ಕಾರು, ಎಲ್ಲವೂ ಸಾವಿನ ಹಾಗೆ ಕಾಣತೊಡಗಿತು. ಸೈನ್ಯವೂ ಕೈಗೆ ಸಿಕ್ಕಿದ್ದನ್ನೇ ಹಿಡಿಯಿತು. 2004ರ ಡಿಸೆಂಬರಿನಲ್ಲಿ ಕುವೈತಿನ ಒಂದು ಶಿಬಿರದಲ್ಲಿ ಒಬ್ಬ ಅಮೆರಿಕನ್ ಸೈನಿಕ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಅವರನ್ನು ಎದುರೆದುರೇ ಕೇಳಿದ: ಗಾಡಿಗೆ ಕವಚ ಮಾಡಲು ನಾವು ಗುಜರಿಯಲ್ಲಿ ಕಬ್ಬಿಣ ಯಾಕೆ ಹುಡುಕಬೇಕು?

ಆ ರಸ್ತೆಗಳಲ್ಲಿ ಲಾರಿ ಓಡಿಸಿದವರಲ್ಲಿ ನಮ್ಮವರೂ ಇದ್ದರು. ಕುವೈತಿನ ಕಂಪೆನಿಗಳ ಲಾರಿ, ಇರಾಕಿಗೆ ಸಾಮಾನು. 2004ರ ಜುಲೈಯಲ್ಲಿ ಏಳು ಡ್ರೈವರುಗಳನ್ನು ಒತ್ತೆ ಇಟ್ಟರು, ಅದರಲ್ಲಿ ಮೂವರು ಭಾರತೀಯರು. ಸೆಪ್ಟೆಂಬರ್ 1ರಂದು ಬಿಡುಗಡೆಯಾಯಿತು. ಆ ವರ್ಷ ಇರಾಕಿಗೆ ಕೆಲಸಕ್ಕೆ ಹೋಗುವುದನ್ನೇ ಭಾರತ ನಿಷೇಧಿಸಿತು. ಆ ನಿಷೇಧ ಹೋದ ಮೇಲೆ, 2014ರಲ್ಲಿ, ಐಸಿಸ್ ಉಗ್ರರು ಇರಾಕಿನ ಊರುಗಳನ್ನು ಹಿಡಿದಾಗ ತಿಕ್ರಿತ್ ಆಸ್ಪತ್ರೆಯಲ್ಲಿ ಸಿಕ್ಕಿಹಾಕಿಕೊಂಡ ನಮ್ಮ 46 ನರ್ಸುಗಳು ಜುಲೈ 5ಕ್ಕೆ ಕೊಚ್ಚಿ ಸೇರಿದರು. ಮೊಸುಲಿನಲ್ಲಿ ಕಾಣೆಯಾದ 39 ಕಾರ್ಮಿಕರು ಬರಲಿಲ್ಲ. ಮೊಸುಲನ್ನು 2017ರಲ್ಲಿ ಬಿಡಿಸಿಕೊಂಡಾಗ ಐಸಿಸ್‌ನವರು ಮನೆಗಳ ಒಳಗೇ ಬಾಂಬು ಹೂಡಿ ಹೋಗಿದ್ದರು. ಬಾಗಿಲಲ್ಲಿ, ಫ್ರಿಜ್ಜಿನಲ್ಲಿ, ಆಟಿಕೆಯಲ್ಲಿ. ಸ್ವಂತ ಮನೆಗೆ ಬಂದವರು ಬಾಗಿಲು ತೆರೆಯಲು ಹೆದರಿ ಅಂಗಳದಲ್ಲೇ ನಿಂತರು.

2022ರ ಫೆಬ್ರವರಿಯಲ್ಲಿ ಉಕ್ರೇನಿನ ರಸ್ತೆ ಇಲಾಖೆ ಜನರಿಗೆ ಒಂದು ಕರೆ ಕೊಟ್ಟಿತು. ದಾರಿಯ ಬೋರ್ಡುಗಳನ್ನು ಕಿತ್ತುಹಾಕಿ, ಶತ್ರುವಿಗೆ ದಾರಿ ತಿಳಿಯದಿರಲಿ. ಎಲ್ಲರ ಕಿಸೆಯಲ್ಲೂ ಮ್ಯಾಪ್ ಇರುವ ಕಾಲದಲ್ಲಿ! ಟೀವಿಯಲ್ಲಿ ಅದನ್ನು ನೋಡಿದ ದಿನ ನಾನು ಇಚ್ಚನ ಮನೆಗೆ ಹೋಗಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆಮೇಲೆ, ಅಲ್ಲಿಯವರೆಗೆ ನನಗೆ ಹೇಳದಿದ್ದ ಭಾಗ ಹೇಳಿದರು. 1991ರ ಕೊನೆಗೆ ಅವರು ಅದೇ ಮನೆಗೆ ವಾಪಸು ಹೋಗಿದ್ದರು. ಇರಾಕಿಗಳು ಹಿಂದೆ ಹೋಗುವಾಗ ಬೆಂಕಿ ಇಟ್ಟ 600ಕ್ಕೂ ಹೆಚ್ಚು ಎಣ್ಣೆಬಾವಿಗಳಲ್ಲಿ ಕೊನೆಯದು ಆ ನವೆಂಬರಿನಲ್ಲಷ್ಟೇ ಆರಿತ್ತು. ಗೋಡೆಗಳ ಮೇಲೆ ಮಸಿ. ಗೋಣಿಚೀಲ ಹಿತ್ತಲಿನ ಖರ್ಜೂರದ ಬುಡದಲ್ಲಿ ಹೂತಿಟ್ಟ ಹಾಗೇ ಇತ್ತು. ಅಗೆದು ತೆಗೆದು, ತೊಳೆದು, ಒಂದೊಂದೇ ನಂಬ್ರವನ್ನು ಆಯಾ ಗೇಟಿಗೆ ತಿರುಗಿಸಿ ಕೂರಿಸಿದರು. ಮಾಲೀಕರ ಹಿರಿಯ ಹುಡುಗ ಏಣಿ ಹಿಡಿದಿದ್ದ. ಕಿರಿಯವನು ಇರಲಿಲ್ಲ. ಅವನನ್ನು ಫೆಬ್ರವರಿಯಲ್ಲಿ ರಸ್ತೆಯಿಂದ ಎತ್ತಿಕೊಂಡು ಹೋಗಿದ್ದರು. ಕುವೈತ್ ಕಾಣೆಯಾದವರ ಪಟ್ಟಿ ಮಾಡಿದಾಗ ಅದರಲ್ಲಿ 605 ಹೆಸರುಗಳಿದ್ದವು.

‘ಎಲ್ಲ ಮನೆಗೂ ಹಾಕಿದ ಮೇಲೆ ಕೊನೆಗೆ ನಮ್ಮ ಗೇಟಿನ ನಂಬ್ರ ಉಳಿಯಿತು’ ಎಂದರು ಇಚ್ಚ. ‘ಅದನ್ನು ಹಾಕಲಿಕ್ಕೆ ಹುಡುಗರ ಉಮ್ಮ ಮೊದಲು ಬಿಡಲಿಲ್ಲ. ಮೂರು ದಿನ ಆದಮೇಲೆ ಅವರೇ ಸ್ಕ್ರೂಡ್ರೈವರ್ ತಂದುಕೊಟ್ಟರು. ಹುಡುಗ ರಾತ್ರಿ ಬಂದರೆ ಮನೆ ಗೊತ್ತಾಗಬೇಕಲ್ವಾ ಅಂದರು.’