ಸಿಂಗಪುರದ ಬೀದಿ ಬೆಕ್ಕುಗಳು: ನಿಷೇಧದಿಂದ ಪರವಾನಗಿಯವರೆಗೆ

ಸಿಂಗಪುರದ ಸರ್ಕಾರಿ ಫ್ಲ್ಯಾಟ್‌ಗಳಲ್ಲಿ ಬೆಕ್ಕು ಸಾಕಲು 2024ರ ಸೆಪ್ಟೆಂಬರ್ 1ರಿಂದ ಅನುಮತಿ ಸಿಕ್ಕಿದೆ. ಮೇಲ್ನೋಟಕ್ಕೆ ಇದು ಸಾಕುಬೆಕ್ಕಿನ ನಿಯಮ. ಆದರೆ ಇದರ ಬೇರು ಇರುವುದು ಬೀದಿ ಬೆಕ್ಕುಗಳ ನಡುವೆ.

ಅಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಡಿಮೆ ಐವರಲ್ಲಿ ನಾಲ್ವರು ವಸತಿ ಮಂಡಳಿ ಕಟ್ಟಿದ ಬಹುಮಹಡಿ ಕಟ್ಟಡಗಳಲ್ಲಿದ್ದಾರೆ. ಬೆಕ್ಕು ಮನೆಯೊಳಗೆ ನಿಲ್ಲುವುದಿಲ್ಲ, ಕೂದಲು ಉದುರಿಸುತ್ತದೆ, ಎಲ್ಲೆಂದರಲ್ಲಿ ಗಲೀಜು ಮಾಡುತ್ತದೆ, ರಾತ್ರಿ ಅರಚುತ್ತದೆ ಎಂಬ ಕಾರಣಗಳಿಗಾಗಿ 1989ರಲ್ಲಿ ಇಲ್ಲಿ ಬೆಕ್ಕಿಗೆ ನಿಷೇಧ ಬಂತು. ಆದರೂ ಜನ ಗುಟ್ಟಾಗಿ ಸಾಕಿದರು. ನೆರೆಯವರು ದೂರು ಕೊಟ್ಟಾಗ ಕೆಲವು ಬೆಕ್ಕುಗಳಿಗೆ ಬೀದಿಯೇ ಗತಿಯಾಯಿತು.

ಬೀದಿಯೆಂದರೆ ಬಹುಪಾಲು ಕಟ್ಟಡದ ಕೆಳಗಿನ ತೆರೆದ ಅಂತಸ್ತು; ನಮ್ಮ ಅಪಾರ್ಟ್‌ಮೆಂಟ್‌ಗಳ ಕಂಬಗಳ ನಡುವಿನ ಪಾರ್ಕಿಂಗ್ ಜಾಗದಂತಹದು. ಕತ್ತಲಾದ ಮೇಲೆ ಅಲ್ಲಿಗೆ ಅನ್ನ, ಮೀನು ತಂದು ಹಾಕುವವರು ಅದೇ ಕಟ್ಟಡದವರು. ಬೀದಿ ಬೆಕ್ಕುಗಳ ಸಂಖ್ಯೆ ಹೆಚ್ಚದಂತೆ ಮಾಡುವ ಸಂತಾನಹರಣ ಶಸ್ತ್ರಚಿಕಿತ್ಸೆಯ ಕೆಲಸ ನಿಂತಿರುವುದು ಇವರ ಮೇಲೆ. ಯಾವ ಬೆಕ್ಕು ಹೊಸದು, ಯಾವುದು ಗಬ್ಬವಾಗಿದೆ ಎಂಬುದು ಇವರಿಗಷ್ಟೇ ಗೊತ್ತು. ಹಿಂದಿನ ರಾತ್ರಿ ಆಹಾರ ನಿಲ್ಲಿಸಿ, ಮೀನಿನ ವಾಸನೆ ತೋರಿಸಿ ಬೋನಿಗೆ ಬರಮಾಡಬೇಕು. ಬಾಗಿಲು ಬಿದ್ದ ತಕ್ಷಣ ಬಟ್ಟೆ ಮುಚ್ಚಬೇಕು, ಇಲ್ಲದಿದ್ದರೆ ಬೆಕ್ಕು ಕಂಬಿಗೆ ಬಡಿದುಕೊಂಡು ಮೂತಿ ಗಾಯ ಮಾಡಿಕೊಳ್ಳುತ್ತದೆ. ಅರಿವಳಿಕೆಯಲ್ಲಿರುವಾಗಲೇ ಕಿವಿಯ ತುದಿ ಕತ್ತರಿಸುತ್ತಾರೆ; ಇನ್ನೊಮ್ಮೆ ಹಿಡಿಯಬೇಕಿಲ್ಲ ಎಂಬುದಕ್ಕೆ ಅದೇ ಗುರುತು. ಗಾಯ ಮಾಯಲು ಬಿಟ್ಟು, ಹಿಡಿದ ಜಾಗಕ್ಕೇ ತಂದು ಬಿಡುತ್ತಾರೆ. ಭೂಮಧ್ಯರೇಖೆಯ ಪಕ್ಕದಲ್ಲಿ ಹಗಲಿನ ಅಳತೆ ಬದಲಾಗುವುದಿಲ್ಲವಾದ್ದರಿಂದ ಬೆಕ್ಕು ವರ್ಷವಿಡೀ ಬೆದೆಗೆ ಬರುತ್ತದೆ. ಗರ್ಭ ಒಂಬತ್ತು ವಾರ. ಹೀಗಿರುವಾಗ ಕೆಲಸ ಆರು ತಿಂಗಳು ನಿಂತರೂ ಹಿಂದಿನ ಶ್ರಮವೆಲ್ಲ ನೀರಿನಲ್ಲಿ ಹೋಮ.

ನಿಂತದ್ದೂ ಹಾಗೆಯೇ. 1998ರಲ್ಲಿ ಸರ್ಕಾರವೇ ನೆರವು ಕೊಟ್ಟು ಆರಂಭಿಸಿದ ಸಂತಾನಹರಣ ಯೋಜನೆ 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸೋಂಕು ಹರಡಿದ ದಿನಗಳಲ್ಲಿ ಕೈಬಿಟ್ಟುಹೋಯಿತು. ಚೀನಾದ ಮಾರುಕಟ್ಟೆಯ ಪುನುಗು ಬೆಕ್ಕುಗಳಲ್ಲಿ ಈ ರೋಗದ ವೈರಸ್ ಪತ್ತೆಯಾಗಿತ್ತು. ಅವು ಬೀದಿ ಬೆಕ್ಕಿನ ಕುಟುಂಬಕ್ಕೆ ಸೇರಿದವಲ್ಲ. ಆದರೂ ಅದೇ ಹೊತ್ತಿನಲ್ಲಿ ಶುಚಿತ್ವದ ಹೆಸರಿನಲ್ಲಿ ಬೀದಿ ಬೆಕ್ಕುಗಳನ್ನು ಹಿಡಿದು ಕೊಲ್ಲುವುದು ಚುರುಕಾಯಿತು. ಬೆಕ್ಕು ಕಲ್ಯಾಣ ಸಂಘದಂಥ ಸ್ವಯಂಸೇವಕರು ಕೆಲಸ ಮುಂದುವರಿಸದಿದ್ದರೆ ಮುಂದೇನಾಗುತ್ತಿತ್ತೋ. ಸರ್ಕಾರದ ಬೆಂಬಲ ಮರಳಿದ್ದು 2011ರಲ್ಲಿ. ಮರುವರ್ಷ ಯಿಶುನ್ ಪ್ರದೇಶದ ಚಾಂಗ್ ಪಾಂಗ್‌ನಲ್ಲಿ ಷರತ್ತುಗಳೊಂದಿಗೆ ಮನೆಯಲ್ಲಿ ಬೆಕ್ಕು ಸಾಕುವ ಪ್ರಯೋಗ ಶುರುವಾಯಿತು. ಅದೇ ಯಿಶುನ್‌ನಲ್ಲಿ 2015ರ ಕೊನೆಯಿಂದ ಒಂದರ ಹಿಂದೊಂದು ಬೆಕ್ಕುಗಳು ಸತ್ತು ಬಿದ್ದಾಗ ನಿವಾಸಿಗಳು ರಾತ್ರಿ ಗಸ್ತು ತಿರುಗಿದರು. ಪ್ರಯೋಗದಿಂದ ಕಾನೂನಿಗೆ ಬರಲು ಹನ್ನೆರಡು ವರ್ಷ ಹಿಡಿಯಿತು, ಅಷ್ಟು ಬೇಕಿರಲಿಲ್ಲ.

ಈಗಿನ ನಿಯಮದಲ್ಲಿ ಫ್ಲ್ಯಾಟಿಗೆ ಹೆಚ್ಚೆಂದರೆ ಎರಡು ಬೆಕ್ಕು; ಮೈಕ್ರೋಚಿಪ್ (ಚರ್ಮದಡಿ ಇಡುವ ಗುರುತಿನ ಚಿಪ್) ಮತ್ತು ಪರವಾನಗಿ ಕಡ್ಡಾಯ. ಮೊದಲೇ ಹೆಚ್ಚು ಬೆಕ್ಕು ಸಾಕಿದ್ದವರು 2026ರ ಆಗಸ್ಟ್ 31ರೊಳಗೆ ಪರವಾನಗಿ ಪಡೆದರೆ ಎಲ್ಲವನ್ನೂ ಇಟ್ಟುಕೊಳ್ಳಬಹುದು. ಆ ಗಡುವಿನ ಬಳಿಕ ಬೀದಿಯಿಂದ ಮೂರನೆಯ ಮರಿಯನ್ನು ಎತ್ತಿಕೊಂಡು ಬಂದವರು ಅದಕ್ಕೆ ಬೇರೆ ಮನೆ ಹುಡುಕಬೇಕು. ಮನುಷ್ಯರ ಕೈಗೆ ಸಿಗದೆ ಬೆಳೆದ ಬೆಕ್ಕುಗಳು ಯಾವ ಮನೆಗೂ ಒಗ್ಗುವುದಿಲ್ಲ. ಅವುಗಳ ಪಾಲಿಗೆ ಇಂದಿಗೂ ಬೋನು, ಶಸ್ತ್ರಚಿಕಿತ್ಸೆ, ಮತ್ತೆ ಅದೇ ಕಂಬದ ಬುಡ. ಊಟ ಹಾಕುವವರ ಖರ್ಚು ಬಹುಪಾಲು ಅವರದೇ ಕಿಸೆಯಿಂದ.