ಕೈಗಾರಿಕಾ ರೋಬೋಟ್: ತೋಳನ್ನು ನೋಡುವ ಮುನ್ನ ಕೀಲನ್ನು ನೋಡಿ

ಕೈಗಾರಿಕಾ ರೋಬೋಟ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅದು ಎಷ್ಟು ತೂಕ ಎತ್ತುತ್ತದೆ, ಎಷ್ಟು ದೂರ ಚಾಚುತ್ತದೆ ಎಂಬುದನ್ನು. ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ವರ್ಷಗಟ್ಟಲೆ ದುಡಿದ ಮೇಲೂ ತೋಳು ಅದೇ ಬಿಂದುವಿಗೆ ಬಂದು ನಿಲ್ಲುವುದೇ ಎಂಬುದು ಹೊರಗೆ ಕಾಣದ ಕೀಲುಗಳನ್ನು ಅವಲಂಬಿಸಿದೆ.

ಮೂರು ಅಥವಾ ಹೆಚ್ಚು ಅಕ್ಷಗಳಲ್ಲಿ ಚಲಿಸುವ, ಸ್ವಯಂಚಾಲಿತ ನಿಯಂತ್ರಣವುಳ್ಳ, ಬೇರೆ ಬೇರೆ ಕೆಲಸಗಳಿಗೆ ಮತ್ತೆ ಪ್ರೋಗ್ರಾಂ ಮಾಡಬಹುದಾದ ಯಂತ್ರವನ್ನು ಕೈಗಾರಿಕಾ ರೋಬೋಟ್ ಎನ್ನುತ್ತೇವೆ. 1961ರಲ್ಲಿ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯಲ್ಲಿ ಡೈಕಾಸ್ಟಿಂಗ್ (ಕರಗಿದ ಲೋಹವನ್ನು ಅಚ್ಚಿಗೆ ಒತ್ತುವ) ಯಂತ್ರದಿಂದ ಬಿಸಿ ಬಿಡಿಭಾಗಗಳನ್ನು ತೆಗೆಯಲು ನಿಂತ ಮೊದಲ ಕೈಗಾರಿಕಾ ರೋಬೋಟ್ ಯುನಿಮೇಟ್, ಹೈಡ್ರಾಲಿಕ್ ಅಂದರೆ ದ್ರವದ ಒತ್ತಡದಿಂದ ನಡೆಯುತ್ತಿತ್ತು. ಇಂದಿನ ಆರು ಅಕ್ಷಗಳ ರೋಬೋಟ್‌ಗಳಲ್ಲಿ ತೋಳನ್ನು ನಡೆಸುವ ಕೆಲಸವನ್ನು ವಿದ್ಯುತ್ ಸರ್ವೋ ಮೋಟರ್‌ಗಳು, ಅಂದರೆ ಹೇಳಿದಷ್ಟೇ ತಿರುಗಿ ನಿಲ್ಲುವ ಮೋಟರ್‌ಗಳು, ಮಾಡುತ್ತವೆ. ಮೊದಲ ಮೂರು ಅಕ್ಷಗಳು ಮಣಿಕಟ್ಟನ್ನು ಬೇಕಾದ ಜಾಗಕ್ಕೆ ಒಯ್ದರೆ, ಉಳಿದ ಮೂರು ಉಪಕರಣವನ್ನು ಬೇಕಾದ ಕಡೆಗೆ ತಿರುಗಿಸುತ್ತವೆ.

ಸರ್ವೋ ಮೋಟರ್ ವೇಗವಾಗಿ ತಿರುಗುತ್ತದೆ, ಆದರೆ ಅದರ ತಿರುಚುಬಲ ಕಡಿಮೆ. ತೋಳಿಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧ. ಆದ್ದರಿಂದ ನಡುವೆ ವೇಗ ತಗ್ಗಿಸುವ ರಿಡ್ಯೂಸರ್ ಇರುತ್ತದೆ. ಸಣ್ಣ ಕೀಲುಗಳಲ್ಲಿ ಹೆಚ್ಚಾಗಿ ಬಳಸುವ ಹಾರ್ಮೋನಿಕ್ ಡ್ರೈವ್‌ನ ಒಳಗೆ ಬಾಗಬಲ್ಲ ತೆಳು ಉಕ್ಕಿನ ಹಲ್ಲುಚಕ್ರವೊಂದಿದ್ದು, ಅದನ್ನು ಒಳಗಿನಿಂದ ಮೋಟರ್ ತಿರುಗಿಸುವ ಅಂಡಾಕಾರದ ಬಿಲ್ಲೆ ತಳ್ಳುತ್ತಿರುತ್ತದೆ. ಬಾಗುವ ಚಕ್ರಕ್ಕೆ 200 ಹಲ್ಲು, ಅದನ್ನು ಸುತ್ತುವರಿದ ಗಟ್ಟಿ ಉಂಗುರಕ್ಕೆ 202 ಹಲ್ಲು ಇದ್ದರೆ, ಮೋಟರ್ ಒಂದು ಸುತ್ತು ಹಾಕಿದಾಗ ಚಕ್ರ ಎರಡೇ ಹಲ್ಲು ಹಿಂದೆ ಸರಿಯುತ್ತದೆ. ಅಂದರೆ ಮೋಟರ್‌ನ 100 ಸುತ್ತಿಗೆ ಕೀಲಿನ ಒಂದು ಸುತ್ತು. ಇಷ್ಟು ಚಿಕ್ಕ ಜಾಗದಲ್ಲಿ, ಹಲ್ಲುಗಳ ನಡುವೆ ಸಡಿಲವೇ ಇಲ್ಲದಂತೆ ಇದನ್ನು ಸಾಧಿಸುವ ಆ ವಿನ್ಯಾಸ ನನಗೆ ಇಂದಿಗೂ ಅಚ್ಚುಮೆಚ್ಚು. ಭಾರ ಹೊರುವ ದೊಡ್ಡ ಕೀಲುಗಳಲ್ಲಿ ಅಲೆಯಂಚಿನ ಬಿಲ್ಲೆಗಳಿರುವ ಸೈಕ್ಲಾಯ್ಡಲ್ ರಿಡ್ಯೂಸರ್ ಬಳಕೆಯಲ್ಲಿದೆ.

ಕೀಲಿನ ಕೋನವನ್ನು ಅಳೆಯುವ ಎನ್‌ಕೋಡರ್ ಸಾಮಾನ್ಯವಾಗಿ ಇರುವುದು ಮೋಟರ್‌ನ ಹಿಂಬದಿಯಲ್ಲಿ, ಅಂದರೆ ರಿಡ್ಯೂಸರ್‌ಗಿಂತ ಮೊದಲು. ಹಾಗಾಗಿ ರಿಡ್ಯೂಸರ್ ಸವೆದು ಸಡಿಲಗೊಂಡರೂ ರೋಬೋಟನ್ನು ನಡೆಸುವ ಕಂಟ್ರೋಲರ್‌ಗೆ ಅದು ನೇರವಾಗಿ ತಿಳಿಯುವುದಿಲ್ಲ. ಪರದೆಯ ಮೇಲೆ ಅಂಕಿಗಳೆಲ್ಲ ಸರಿಯಾಗಿಯೇ ಇರುತ್ತವೆ, ವೆಲ್ಡಿಂಗ್ ಮಾತ್ರ ಜಾಗ ತಪ್ಪಿರುತ್ತದೆ. ಕೀಲಿನಿಂದ ಒಂದು ಮೀಟರ್ ದೂರದಲ್ಲಿ 0.01 ಡಿಗ್ರಿಯ ತಪ್ಪು ಸುಮಾರು 0.17 ಮಿಲಿಮೀಟರ್ ಆಗಿ ಕಾಣಿಸಿಕೊಳ್ಳುತ್ತದೆ. ಈ ಕಾರಣಕ್ಕೆ ರಿಡ್ಯೂಸರ್‌ನ ಗ್ರೀಸ್ ಬದಲಿಸುವಾಗ ಹಳೆಯ ಗ್ರೀಸ್‌ನಲ್ಲಿ ಸವೆತದ ಗುರುತಾದ ಕಬ್ಬಿಣದ ಪುಡಿ ಎಷ್ಟಿದೆಯೆಂದು ಪರೀಕ್ಷಿಸುವುದನ್ನು ಯಾರೂ ಬಿಡಬಾರದು.

ಕಲಿಸಿದ ಬಿಂದುವಿಗೆ ಮತ್ತೆ ಮತ್ತೆ ಬಂದು ನಿಲ್ಲುವುದು ಬೇರೆ, ಲೆಕ್ಕ ಹಾಕಿ ಕೊಟ್ಟ ಹೊಸ ಬಿಂದುವಿಗೆ ಸರಿಯಾಗಿ ತಲುಪುವುದು ಬೇರೆ. ಮಾಹಿತಿಪತ್ರಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ ಅಂಕಿ ಮೊದಲನೆಯದರದ್ದು. ಕಂಪ್ಯೂಟರ್‌ನಲ್ಲೇ ಪ್ರೋಗ್ರಾಂ ಬರೆದು ತರುವವರಿಗೆ ಬೇಕಾಗಿರುವುದು ಎರಡನೆಯದು, ಅದನ್ನು ಪಡೆಯಲು ಪ್ರತ್ಯೇಕ ಕ್ಯಾಲಿಬ್ರೇಶನ್ (ಅಳೆದು ತಪ್ಪು ಸರಿಪಡಿಸುವುದು) ಬೇಕಾಗಬಹುದು.

ತೋಳಿನ ತುದಿಯಲ್ಲಿ ವಸ್ತುವನ್ನು ಹಿಡಿಯುವ ಗ್ರಿಪ್ಪರ್ ಸಾಮಾನ್ಯವಾಗಿ ರೋಬೋಟ್‌ನೊಂದಿಗೆ ಬರುವುದಿಲ್ಲ. ಆಯಾ ಕೆಲಸಕ್ಕೆ ತಕ್ಕಂತೆ ಅದನ್ನು ಬೇರೆಯಾಗಿ ಆರಿಸಬೇಕು ಇಲ್ಲವೇ ಮಾಡಿಸಬೇಕು. 10 ಕಿಲೋ ಸಾಮರ್ಥ್ಯದ ರೋಬೋಟ್‌ಗೆ 4 ಕಿಲೋ ಗ್ರಿಪ್ಪರ್ ಜೋಡಿಸಿದರೆ ವಸ್ತುವಿಗೆ ಉಳಿಯುವುದು 6 ಕಿಲೋ, ಅದೂ ಭಾರಕೇಂದ್ರ ಮಣಿಕಟ್ಟಿನಿಂದ ಹೆಚ್ಚು ದೂರ ಹೋಗದಿದ್ದರೆ.

ಕಂಟ್ರೋಲರ್ ಪೆಟ್ಟಿಗೆ ಎಲ್ಲ ಅಕ್ಷಗಳ ಚಲನೆಯನ್ನು ಲೆಕ್ಕ ಹಾಕಿ ಮೋಟರ್‌ಗಳನ್ನು ನಡೆಸುತ್ತದೆ. ಬಿಂದುಗಳನ್ನು ಕಲಿಸಲು ಕೈಯಲ್ಲಿ ಹಿಡಿಯುವ ಟೀಚ್ ಪೆಂಡೆಂಟ್‌ನ ಹಿಂಬದಿಯಲ್ಲಿ ಮೂರು ಸ್ಥಿತಿಗಳ ಒತ್ತುಗುಂಡಿಯೊಂದು ಇರುತ್ತದೆ: ಅದನ್ನು ನಡುವಿನ ಸ್ಥಿತಿಯಲ್ಲಿ ಹಿಡಿದಿದ್ದರೆ ಮಾತ್ರ ತೋಳು ಚಲಿಸುತ್ತದೆ, ಬಿಟ್ಟರೂ ನಿಲ್ಲುತ್ತದೆ, ಗಾಬರಿಯಲ್ಲಿ ಬಿಗಿಯಾಗಿ ಅದುಮಿದರೂ ನಿಲ್ಲುತ್ತದೆ. ಈ ಕಲಿಸುವ ಹಂತದಲ್ಲಿ ವೇಗ ಸೆಕೆಂಡಿಗೆ 250 ಮಿಲಿಮೀಟರ್ ಮೀರಬಾರದು ಎಂಬುದು ಸುರಕ್ಷತಾ ಮಾನದಂಡದ ನಿಯಮ. ರೋಬೋಟ್ ಸುತ್ತಲಿನ ಸುರಕ್ಷತಾ ಬೇಲಿಯೊಳಗೆ ಕಾಲಿಡುವವರು ಪೆಂಡೆಂಟನ್ನು ಇನ್ನೊಬ್ಬರ ಕೈಗೆ ಕೊಡದೆ ತಾವೇ ಹಿಡಿದು ಹೋಗಬೇಕು.