ಬಳ್ಳಾರಿಗೆ ಮುದ್ರಣದ ಸಂಗ್ರಹಾಲಯ ಯಾಕೆ ಬೇಕು?

ಜುಲೈ 1 ಬಂದರೆ ರಾಜ್ಯದ ತುಂಬ ಪತ್ರಿಕಾ ದಿನ ನಡೆಯುತ್ತದೆ. 1843ರ ಆ ದಿನ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರತಂದರು ಎಂದು ಭಾಷಣಗಳಲ್ಲಿ ಹೇಳುತ್ತಾರೆ. ಮುಂದಿನ ವರ್ಷವೇ ಆ ಪತ್ರಿಕೆಯ ಮುದ್ರಣ ಬಳ್ಳಾರಿಗೆ ಬಂತು, ಹೆಸರು ‘ಕನ್ನಡ ಸಮಾಚಾರ’ ಆಯಿತು. ಇದನ್ನು ಹೇಳುವವರು ಕಡಿಮೆ. ಬಳ್ಳಾರಿಯವರೂ ಇದನ್ನು ಅಷ್ಟಾಗಿ ನೆನೆಯುವುದಿಲ್ಲ ಅನ್ನುವುದು ನನಗೆ ಬೇಸರದ ಸಂಗತಿ. ಅದಕ್ಕೇ ಇಲ್ಲೊಂದು ಮುದ್ರಣದ ಸಂಗ್ರಹಾಲಯ ಆಗಬೇಕು ಅನ್ನುತ್ತೇನೆ.

ಮಂಗಳೂರಿನಲ್ಲಿ ಅದು ಕಲ್ಲಚ್ಚಿನ ಪತ್ರಿಕೆ, ಅಂದರೆ ಕೈಬರಹವನ್ನು ಕಲ್ಲಿಗೆ ಇಳಿಸಿ ಅಚ್ಚು ಹಾಕಿದ್ದು. ಬಳ್ಳಾರಿಯಲ್ಲಿ ಆಗಲೇ ಕನ್ನಡದ ಅಚ್ಚುಮೊಳೆ, ಅಂದರೆ ಲೋಹದ ಬಿಡಿ ಅಕ್ಷರ, ಇತ್ತು. ಅದು ಇಲ್ಲಿಗೆ ಹೇಗೆ ಬಂತು ಎಂದು ತಿಳಿಯಬೇಕಾದರೆ 1800ಕ್ಕೆ ಹೋಗಬೇಕು. ಆ ವರ್ಷ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಯ ಸರ್ಕಾರಕ್ಕೆ ಬಿಟ್ಟುಕೊಟ್ಟರು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಂದು ಇಲ್ಲಿ ನೆಲೆಸಿದರು, ಕನ್ನಡ ಕಲಿತರು, ಬೈಬಲ್ಲನ್ನು ಕನ್ನಡಕ್ಕೆ ತರಲು ಕೂತರು. 1820ರ ದಶಕದಲ್ಲಿ ಮಿಷನ್ನಿನ ಪ್ರೆಸ್ ಶುರುವಾಯಿತು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಬಳ್ಳಾರಿಯಲ್ಲೇ ಅಚ್ಚಾಯಿತು. ಅವರ ಜತೆಗಿದ್ದ ವಿಲಿಯಂ ರೀವ್ ಕನ್ನಡ ನಿಘಂಟಿಗೆ ದುಡಿದರು. ಕಿಟೆಲ್ಲರ ನಿಘಂಟು ಬಂದದ್ದು 1894ರಲ್ಲಿ, ರೀವ್ ಅವರ ಕೆಲಸ ಅದಕ್ಕಿಂತ ಅರವತ್ತು ವರ್ಷ ಹಿಂದಿನದು.

ಮಿಷನ್ನಿನವರು ಬಂದದ್ದು ತಮ್ಮ ಧರ್ಮ ಹರಡಲು. ಅದನ್ನು ಮುಚ್ಚಿಡಬೇಕಾಗಿಲ್ಲ, ಅದಕ್ಕಾಗಿ ಅವರ ಮೊಳೆಯನ್ನು ದೂರ ತಳ್ಳಬೇಕಾಗಿಯೂ ಇಲ್ಲ. ಯಾರು, ಯಾತಕ್ಕೆ, ಯಾರ ಹಣದಲ್ಲಿ ಅಚ್ಚು ಹಾಕಿಸಿದರು ಎಂದು ಗೋಡೆಯ ಮೇಲೆ ನೇರವಾಗಿ ಬರೆಯುವುದು ಒಳ್ಳೆಯ ಸಂಗ್ರಹಾಲಯದ ಮೊದಲ ಗುಣ. 1835ರಲ್ಲಿ ಮೆಟ್‌ಕಾಫ್ ಕಾಯ್ದೆ ಬರುವ ತನಕ ಕಂಪನಿಯ ನಾಡಿನಲ್ಲಿ ಪ್ರೆಸ್ಸಿನ ಮೇಲೆ ಲೈಸೆನ್ಸಿನ ಹಿಡಿತವಿತ್ತು. ಆ ಕಾಲದಲ್ಲಿ ಅಚ್ಚಿನ ಕೆಲಸ ಹೆಚ್ಚಾಗಿ ಸರ್ಕಾರದ ಅಥವಾ ಮಿಷನ್ನಿನ ಕೈಯಲ್ಲಿ ಇದ್ದದ್ದು ಸುಮ್ನೆ ಅಲ್ಲ.

ತುಂಗಭದ್ರೆಯ ಆಚೆ ದಡದ ಕಥೆ ಬೇರೆ. ರಾಯಚೂರು, ಕೊಪ್ಪಳ 1948ರ ತನಕ ನಿಜಾಮರ ಆಳ್ವಿಕೆಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಉರ್ದುವಿನ ನಸ್ತಾಲಿಕ್ ಬರಹ ಓರೆಯಾಗಿ ಇಳಿಯುತ್ತಾ ಒಂದರ ಮೇಲೊಂದು ಹತ್ತಿ ಕೂರುತ್ತದೆ. ಬಿಡಿ ಮೊಳೆಗೆ ಅದು ಸುಲಭವಾಗಿ ಒಗ್ಗಲಿಲ್ಲ. ಹಾಗಾಗಿ ಕಾತಿಬರು, ಅಂದರೆ ಅಂದವಾಗಿ ಬರೆಯುವ ಲಿಪಿಕಾರರು, ಕೈಯಲ್ಲಿ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಅಚ್ಚು ಹಾಕುವ ಪದ್ಧತಿ ಉರ್ದುವಿನಲ್ಲಿ ಬಹಳ ಕಾಲ ಉಳಿಯಿತು. ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ, ರೋಲರ್ ಎಳೆದರೆ ಮಸಿ ಬರಹಕ್ಕೆ ಮಾತ್ರ ಹತ್ತುತ್ತದೆ. ನೀರು ಹೀರಿದ ಜಾಗಕ್ಕೆ ಮಸಿ ಹಿಡಿಯುವುದಿಲ್ಲ. ಹೊಳೆಯ ಒಂದು ದಡದಲ್ಲಿ ಮೊಳೆ, ಇನ್ನೊಂದು ದಡದಲ್ಲಿ ಕಲ್ಲು. ಎರಡನ್ನೂ ಒಂದೇ ಕೋಣೆಯಲ್ಲಿ ಅಕ್ಕಪಕ್ಕ ಇಟ್ಟು ತೋರಿಸಲು ನಮ್ಮ ಸೀಮೆಗಿಂತ ಒಳ್ಳೆಯ ಜಾಗ ಯಾವುದಿದೆ?

ಇನ್ನು ಕೈಕೆಲಸ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಇಂಗ್ಲಿಷಿಗೆ ಸಣ್ಣಕ್ಷರ, ದೊಡ್ಡಕ್ಷರ, ಅಂಕಿ ಇದ್ದರೆ ಮುಕ್ಕಾಲು ಕೆಲಸ ಆಯಿತು. ಕನ್ನಡಕ್ಕೆ ಕಾಗುಣಿತ ಬೇಕು, ಒತ್ತು ಬೇಕು. ನೂರಾರು ಬಗೆಯ ಮೊಳೆ, ಅವನ್ನು ಇಡಲು ಅಷ್ಟೇ ಮನೆಗಳಿರುವ ಕೇಸು ಎಂಬ ತಟ್ಟೆ. ಮೊಳೆ ಜೋಡಿಸುವ ಕಂಪೋಸಿಟರ್ ಅದರ ಮುಂದೆ ನಿಂತು, ಕಣ್ಣು ಹಸ್ತಪ್ರತಿಯ ಮೇಲಿಟ್ಟು, ಕೈಯನ್ನು ಸರಿಯಾದ ಮನೆಗೇ ಹಾಕುತ್ತಿದ್ದರು. ಕೈಯಲ್ಲಿ ಹಿಡಿಯುವ ಸ್ಟಿಕ್ಕಿನಲ್ಲಿ ಸಾಲು ಕೂಡಿಸಿ, ಗ್ಯಾಲಿ ಎಂಬ ಉದ್ದ ತಟ್ಟೆಗೆ ಇಳಿಸಿ, ದಾರ ಸುತ್ತಿ ಕಟ್ಟಿ, ತಪ್ಪು ನೋಡಲು ಪ್ರೂಫ್ ತೆಗೆಯುತ್ತಿದ್ದರು. ಮೊಳೆಯ ಮೇಲೆ ಅಕ್ಷರ ಉಲ್ಟಾ ಇರುತ್ತದೆ. ಅದನ್ನು ಉಲ್ಟಾ ಇದ್ದಂತೆಯೇ ಸರಾಗವಾಗಿ ಓದುತ್ತಿದ್ದರು. ಅಚ್ಚು ಮುಗಿದ ಮೇಲೆ ಪ್ರತಿ ಮೊಳೆಯನ್ನೂ ತೊಳೆದು ಅದರದರ ಮನೆಗೆ ವಾಪಸ್ ಹಾಕುವ ಕೆಲಸ ಬೇರೆ. ಸಾಹಿತಿಗಳ ತಪ್ಪನ್ನು ಮೊಳೆ ಜೋಡಿಸುತ್ತಲೇ ತಿದ್ದಿದ ಕಂಪೋಸಿಟರುಗಳು ಎಷ್ಟೋ ಮಂದಿ. ಪುಸ್ತಕದಲ್ಲಿ ಅವರ ಹೆಸರು ಇರುವುದಿಲ್ಲ. ಮೊಳೆಯಲ್ಲಿದ್ದ ಸೀಸ ಮೈಗೆ ವಿಷ. ಆ ಮಾತೂ ಸಂಗ್ರಹಾಲಯದಲ್ಲಿ ಬರಬೇಕು.

1980ರ ದಶಕದ ಕೊನೆಯಿಂದ ಮೊಳೆ ಬೇಡದ ಆಫ್‌ಸೆಟ್ ಮುದ್ರಣ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಬಂದವು. ಕೆಲವೇ ವರ್ಷಗಳಲ್ಲಿ ಕೇಸು ಖಾಲಿಯಾಯಿತು. ಸೀಸ, ತವರ, ಆಂಟಿಮನಿ ಬೆರೆತ ಮೊಳೆ ಕಿಲೋ ಲೆಕ್ಕದಲ್ಲಿ ಗುಜರಿಗೆ ಹೋಯಿತು. ಕಾಲಿನಿಂದ ತುಳಿದು ಓಡಿಸುವ ಟ್ರೆಡಲ್ ಅಚ್ಚುಮಷಿನ್ನಿನ ಬೀಡು ಕಬ್ಬಿಣವೂ ಹಾಗೆಯೇ. ಪ್ರೆಸ್ಸಿನವರನ್ನು ದೂರಿ ಏನು ಪ್ರಯೋಜನ? ಬಾಡಿಗೆ ಕಟ್ಟಬೇಕಿತ್ತು, ಮನೆ ನಡೆಸಬೇಕಿತ್ತು.

ಹಾಗಾದರೆ ಸಂಗ್ರಹಾಲಯದಲ್ಲಿ ಏನಿಡಬೇಕು? ಬೆಲ್ಜಿಯಂ ದೇಶದ ಆಂಟ್‌ವರ್ಪ್ ಊರಿನಲ್ಲಿ ಪ್ಲಾಂಟಿನ್-ಮೊರೆಟಸ್ ಮನೆತನ ಸುಮಾರು ಮುನ್ನೂರು ವರ್ಷ ಪ್ರೆಸ್ ನಡೆಸಿತು. 1877ರಲ್ಲಿ ಅದು ಸಂಗ್ರಹಾಲಯವಾಯಿತು. ಜಗತ್ತಿನಲ್ಲಿ ಉಳಿದಿರುವ ಅತಿ ಹಳೆಯ ಎರಡು ಅಚ್ಚುಯಂತ್ರಗಳು ಅಲ್ಲಿವೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಅಲ್ಲಿನ ಲೆಕ್ಕದ ಪುಸ್ತಕಗಳು. ಆಳುಗಳಿಗೆ ಕೊಟ್ಟ ಕೂಲಿ, ಕೊಂಡ ಕಾಗದ, ಬಂದ ಪತ್ರ ಎಲ್ಲವನ್ನೂ ಜೋಪಾನ ಮಾಡಿದ್ದಾರೆ.

ನಮ್ಮಲ್ಲೂ ಸಣ್ಣ ಕಾಗದಕ್ಕೆ ಬೆಲೆ ಕೊಡಬೇಕು. ಕೊಪ್ಪಳದ ಗವಿಮಠದ ಜಾತ್ರೆಯ ಹ್ಯಾಂಡ್‌ಬಿಲ್, ಕಟ್ಟಿಗೆಯ ದೊಡ್ಡ ಮೊಳೆಯಲ್ಲಿ ಅಚ್ಚಾದ ನಾಟಕ ಕಂಪನಿಯ ಪೋಸ್ಟರ್, ರಾಯಚೂರಿನ ಅಡತ್ ಅಂಗಡಿಯ ರಸೀದಿ ಪುಸ್ತಕ, ಲಗ್ನಪತ್ರಿಕೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರುವ ಹೊತ್ತಿನಲ್ಲಿ ಕನ್ನಡ ತೆಲುಗಿನ ವಾದ ಎಷ್ಟು ಜೋರಾಗಿತ್ತು ಎಂದು ಹಿರಿಯರು ಹೇಳುತ್ತಾರೆ. ಆಗ ಹಂಚಿದ ಕರಪತ್ರ ಯಾರ ಮನೆಯ ಟ್ರಂಕಿನಲ್ಲಾದರೂ ಇದ್ದರೆ ಅದೇ ಇತಿಹಾಸ. 1867ರ ಕಾಯ್ದೆ ಪುಸ್ತಕ, ಪತ್ರಿಕೆಗಳ ಮೇಲೆ ಮುದ್ರಕರ ಹೆಸರು ಮತ್ತು ಊರು ಇರಬೇಕೆಂದು ಕಡ್ಡಾಯ ಮಾಡಿತ್ತು. ಕಾಗದದ ಕೆಳಗಿನ ಆ ಒಂದು ಸಾಲನ್ನು ಹಿಡಿದರೆ ಊರಿನ ಎಷ್ಟೋ ಹಳೆಯ ಪ್ರೆಸ್ಸುಗಳ ಪಟ್ಟಿ ಮಾಡಬಹುದು.

ಇನ್ನೊಂದು ಮಾತು, ಯಂತ್ರ ಓಡಬೇಕು. ಗಾಜಿನ ಹಿಂದೆ ನಿಂತ ಟ್ರೆಡಲ್ ನೋಡಿ ಮಕ್ಕಳಿಗೆ ಏನೂ ತಿಳಿಯುವುದಿಲ್ಲ. ತಮ್ಮ ಹೆಸರಿನ ಮೊಳೆಯನ್ನು ತಾವೇ ಜೋಡಿಸಿ, ಮಸಿ ಹಚ್ಚಿ, ಒಂದು ಹಾಳೆ ಒತ್ತಿ ಮನೆಗೆ ಒಯ್ಯಬೇಕು. ಬಳ್ಳಾರಿಯಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಸಂಗ್ರಹಾಲಯವಿದೆ. ಸಂಗನಕಲ್ಲಿನ ಗುಡ್ಡದಲ್ಲಿ ಕಲ್ಲಿನ ಕೊಡಲಿ ಮಾಡಿದ ಜನರ ಕೆಲಸ ಅಲ್ಲಿದೆ. ಸಾವಿರಾರು ವರ್ಷ ಹಿಂದಿನ ಕೈಕೆಲಸಕ್ಕೆ ಜಾಗ ಕೊಟ್ಟ ಊರು ನಿನ್ನೆ ಮೊನ್ನೆಯ ಕೈಕೆಲಸಕ್ಕೂ ಕೊಡಬಹುದು, ಅಲ್ವಾ?

ಕಟ್ಟಡಕ್ಕೆ ಕಾಯಬೇಕಾಗಿಲ್ಲ. ಮೊಳೆ ಜೋಡಿಸಿದ ಕೊನೆಯ ತಲೆಮಾರಿನವರು ಈಗ ಇಳಿವಯಸ್ಸಿನಲ್ಲಿದ್ದಾರೆ. ಕನ್ನಡದ ಕೇಸಿನಲ್ಲಿ ಯಾವ ಅಕ್ಷರ ಯಾವ ಮನೆಯಲ್ಲಿತ್ತು, ಒತ್ತನ್ನು ಹೇಗೆ ಕೂಡಿಸುತ್ತಿದ್ದರು ಎಂದು ಅವರಿಂದಲೇ ಕೇಳಿ, ವಿಡಿಯೊ ಮಾಡಿ, ನಕ್ಷೆ ಬರೆಸಿಕೊಳ್ಳಬೇಕು. ಕಾಲೇಜಿನ ಪತ್ರಿಕೋದ್ಯಮ ವಿಭಾಗದ ಹುಡುಗರು ಈ ವರ್ಷವೇ ಈ ಕೆಲಸ ಶುರು ಮಾಡಬಹುದು.